ತೂಗುಮಣೆ ಹಲಗೆ, ಅಗಸೆ ಎಣ್ಣೆ ಮತ್ತು ನಮ್ಮ ಮುಂಬೈ

ಮೊನ್ನೆ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಹುಡುಗ (ಹುಡುಗ ಅಂತ ನಾವು ಕರೆಯೋದು, ಮದುವೆಯಾಗಿ ಎರಡು ವರ್ಷ ಆಯ್ತು) ಓಶಿವಾರದ ಹಳೇ ಫರ್ನಿಚರ್ ಮಾರ್ಕೆಟ್ಟಿನಿಂದ ಒಂದು ಸಾಗುವಾನಿ ಹಲಗೆ ತಂದ. ಐದಡಿ ಉದ್ದ, ಒಂದೂವರೆ ಇಂಚು ದಪ್ಪ. ಕೆಡವಿದ ಯಾವುದೋ ಹಳೇ ಚಾಳಿನ ಬಾಗಿಲಿನದ್ದಂತೆ. ಲಿಫ್ಟಿನಲ್ಲಿ ಹಿಡಿಸದೆ ಮೆಟ್ಟಿಲ ಮೇಲೆ ಹೊತ್ತು ತರುವಾಗ ನಾನೂ ಒಂದು ಕೈ ಕೊಟ್ಟೆ. 'ಮಾಮಾ, ಇದನ್ನ ಮೇಜು ಮಾಡಿಸ್ತೀನಿ. ಪಾಲಿಶ್ ಬೇಡ, ಮರ ಮರದ ಹಾಗೇ ಕಾಣಬೇಕು. ಯಾವ ಎಣ್ಣೆ ಹಚ್ಚಲಿ?' ಎಂದು ಕೇಳಿದ.

ಕೇಳಬಾರದವರನ್ನು ಕೇಳಿದ ಅನ್ನಿ. ನಾನು ಮರಗೆಲಸದವನಲ್ಲ, ಆಫೀಸಿನಲ್ಲಿ ಲೆಡ್ಜರ್ ಬರೆದು ರಿಟೈರ್ ಆದವನು. ಆದರೆ ಈ ಒಂದು ವಿಷಯವನ್ನು ಕೆಡಿಸಿ ಕೆಡಿಸಿ ಕಲಿತಿದ್ದೇನೆ. ಅವನಿಗೆ ಹೇಳಲು ಶುರು ಮಾಡಿದ್ದು ಕಾರವಾರ, ಡಾಕ್‌ಯಾರ್ಡ್, ಬರ್ಮಾ ಅಂತ ಎಲ್ಲೆಲ್ಲೋ ಸುತ್ತಿ ಬಂತು. ಪಾಪ, ಚಹಾ ತಣ್ಣಗಾಗೋವರೆಗೂ ಕೇಳಿದ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಮುಂಬೈಗೆ ಬಂದದ್ದು 1974ರಲ್ಲಿ. ನಮ್ಮೂರು ಕುಮಟಾ ಹತ್ತಿರ. ಅಪ್ಪ ತೀರಿಕೊಂಡ ಮೇಲೆ, 1986ರಲ್ಲಿ, ಮನೆ ಮಾರಾಟವಾಯಿತು. ಅಣ್ಣಂದಿರು ಪಾತ್ರೆ, ಕಪಾಟು ಹಂಚಿಕೊಂಡರು. ನಾನು ಜಗಲಿಯ ತೂಗುಮಣೆ ಹಲಗೆ ಸಾಕು ಅಂದೆ. ಅಪ್ಪ ಮಧ್ಯಾಹ್ನದ ಊಟ ಆದ ಮೇಲೆ ಅದರ ಮೇಲೇ ಕೂತು ಅಡಿಕೆ ಕತ್ತರಿಸುತ್ತಿದ್ದರು. ಅವರ ಕೈ ಊರುತ್ತಿದ್ದ ಜಾಗ ಕನ್ನಡಿ ಹಾಗೆ ನುಣುಪಾಗಿತ್ತು. ಆಗಿನ್ನೂ ಕೊಂಕಣ ರೈಲ್ವೆ ಇಲ್ಲ. ಹಲಗೆಯನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿ ದಾದರ್ ಕಡೆಯ ನಮ್ಮ ಚಾಳಿಗೆ ತಂದೆ. ದಾರಿಯಲ್ಲಿ ಮಳೆ ಬಿದ್ದು ಅದು ಬೂದು ಬಣ್ಣಕ್ಕೆ ತಿರುಗಿತ್ತು.

ಊರಲ್ಲಿ ಅಮ್ಮ ಹಬ್ಬದ ಹಿಂದಿನ ದಿನ ಬಾಗಿಲ ದಾರಂದಕ್ಕೆ ತೆಂಗಿನೆಣ್ಣೆ ಒರೆಸುತ್ತಿದ್ದದ್ದು ನನಗೆ ನೆನಪು. ನಾನೂ ಹಾಗೇ ತೆಂಗಿನೆಣ್ಣೆ ಹಚ್ಚಿದೆ. ನಾಲ್ಕು ದಿನಕ್ಕೆ ಇರುವೆ, ಧೂಳು. ಪಕ್ಕದ ಖೋಲಿಯವರು, 'ತೆಂಗಿನೆಣ್ಣೆ ಅಲ್ಲ, ಅಳಶೀಚ ತೇಲ್ ಹಚ್ಚಬೇಕು' ಅಂದರು. ಅಳಶಿ ಅಂದರೆ ನಮ್ಮ ಅಗಸೆ. ಉತ್ತರ ಕರ್ನಾಟಕದವರು ರೊಟ್ಟಿ ಜೊತೆ ಅಗಸಿ ಚಟ್ನಿ ಮಾಡ್ತಾರಲ್ಲ, ಅದೇ ಬೀಜ. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಲೀಟರ್ ತಂದು, ಒಂದೇ ಸಲಕ್ಕೆ ಮರಕ್ಕೆ ಅಭ್ಯಂಜನ ಮಾಡಿಸಿದ ಹಾಗೆ ಸುರಿದು ಬಿಟ್ಟೆ. ತಿಂಗಳು? ಜುಲೈ! ಮುಂಬೈಯ ಜುಲೈ!

ಒಂದು ವಾರ ಆಯ್ತು, ಎರಡು ವಾರ ಆಯ್ತು, ಒಣಗಲಿಲ್ಲ. ಬೆಲ್ಲದ ಪಾಕದ ಹಾಗೆ ಅಂಟು. ಊರಿಂದ ಬಂದಿದ್ದ ನಮ್ಮತ್ತೆ ಗೊತ್ತಿಲ್ಲದೆ ಕೂತು ಸೀರೆ ಹಾಳಾಯಿತು. ಮೇಲೆ ಪೇಪರ್ ಹಾಸಿ ಕೂತರೆ ಎದ್ದಾಗ ಪೇಪರಿನ ಅಕ್ಷರಗಳೆಲ್ಲ ಹಲಗೆಯ ಮೇಲೆ ಉಲ್ಟಾ ಅಚ್ಚಾಗಿದ್ದವು. ಅಪ್ಪನ ಕೈ ಊರಿದ ಜಾಗದ ಮೇಲೆ ಷೇರು ಬಜಾರಿನ ರೇಟು! ಹೆಂಡತಿ ನಕ್ಕಳು, ನನಗೆ ಅಳು ಬರುವ ಹಾಗಾಗಿತ್ತು. ಆ ಮನೆಯಿಂದ ನನ್ನ ಪಾಲಿಗೆ ಬಂದದ್ದು ಅದೊಂದೇ ವಸ್ತು.

ಕೆಳಗಿನ ಮಹಡಿಯಲ್ಲಿ ಮದುವೆ ಮನೆ. ಅಲ್ಲಿ ಕಪಾಟು ಪಾಲಿಶ್ ಮಾಡುತ್ತಿದ್ದ ಒಬ್ಬ ವಯಸ್ಸಾದ ಮಿಸ್ತ್ರಿಯನ್ನು ಕರೆತಂದು ತೋರಿಸಿದೆ. ಅವನು ಹಲಗೆಗೆ ಬೆರಳು ಒತ್ತಿ, ಮೂಸಿ ನೋಡಿ, ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. 'ಸಾಬ್, ಯೇ ತೇಲ್ ಸೂಖತಾ ನಹೀ, ಪಕತಾ ಹೈ.' ಈ ಎಣ್ಣೆ ಒಣಗೋದಿಲ್ಲ ಸ್ವಾಮಿ, ಹಣ್ಣಾಗುತ್ತೆ.

ಅವನು ಶಾಲೆಗೆ ಹೋದವನೋ ಇಲ್ಲವೋ, ಹೇಳಿದ್ದು ಮಾತ್ರ ಪಕ್ಕಾ ರಸಾಯನಶಾಸ್ತ್ರ. ಒಗೆದ ಬಟ್ಟೆ ಒಣಗುವಾಗ ನೀರು ಹಾರಿಹೋಗುತ್ತೆ. ಮಿಸ್ತ್ರಿಗಳು ಹಚ್ಚುವ ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಅಲ್ಲೂ ಸ್ಪಿರಿಟ್ ಹಾರಿ ಅರಗು ಉಳಿಯುತ್ತೆ. ಅಗಸೆ ಎಣ್ಣೆಯಲ್ಲಿ ಹಾರುವಂಥದ್ದು ಏನೂ ಇಲ್ಲ. ಅದು ಗಾಳಿಯಿಂದ ಆಮ್ಲಜನಕ ಹೀರಿಕೊಂಡು, ಅದರ ಕಣಗಳು ಒಂದಕ್ಕೊಂದು ಕೈ ಹಿಡಿದು ಬಲೆ ಹೆಣೆದುಕೊಂಡು ಗಟ್ಟಿಯಾಗುತ್ತೆ. ಹಾಗಾಗಿ 'ಒಣಗಿದ' ಅಗಸೆ ಎಣ್ಣೆಯ ತೂಕ ಕಮ್ಮಿಯಾಗೋದಿಲ್ಲ, ಶೇಕಡಾ ಹತ್ತಕ್ಕೂ ಮೇಲೆ ಹೆಚ್ಚಾಗುತ್ತೆ! ಎಲ್ಲ ಎಣ್ಣೆಗೂ ಈ ಗುಣ ಇಲ್ಲ. ಯಾವುದಕ್ಕೆ ಎಷ್ಟಿದೆ ಅಂತ ಅಳೆಯಲು 1884ರಲ್ಲಿ ಹ್ಯೂಬ್ಲ್ ಎಂಬಾತ ಅಯೋಡಿನ್ ಪರೀಕ್ಷೆ ಕಂಡುಹಿಡಿದ. ಅದರ ಪ್ರಕಾರ ತೆಂಗಿನೆಣ್ಣೆಗೆ ಸುಮಾರು 10, ಕಡಲೆಕಾಯಿ ಎಣ್ಣೆಗೆ 90ರ ಆಸುಪಾಸು, ನಮ್ಮ ಬಿಜಾಪುರ-ಸೊಲ್ಲಾಪುರದ ಕುಸುಬೆ ಎಣ್ಣೆಗೆ 140ರ ಹತ್ತಿರ, ಅಗಸೆಗೆ 180ರ ಸುತ್ತಮುತ್ತ. ತೆಂಗಿನೆಣ್ಣೆಯನ್ನು ನೂರು ವರ್ಷ ಇಟ್ಟರೂ ಅದು ಎಣ್ಣೆಯೇ. ಅಮ್ಮ ದಾರಂದಕ್ಕೆ ಹಚ್ಚುತ್ತಿದ್ದದ್ದು ಹೊಳಪಿಗೆ, ಮಾರನೇ ದಿನ ಒರೆಸಿಯೂ ಬಿಡುತ್ತಿದ್ದಳು. ಅರ್ಧ ಮಾತ್ರ ನೋಡಿ ಕಲಿತದ್ದು ನನ್ನ ತಪ್ಪು.

ಆದರೆ ಮಿಸ್ತ್ರಿ ಇನ್ನೊಂದು ಕಾರಣವನ್ನೂ ಹೇಳಿದ. 'ಮಳೆಗಾಲ ಒಂದು. ನೀವು ಸುರಿದದ್ದು ಜಾಸ್ತಿ, ಅದೊಂದು. ಮತ್ತೆ ಇದು ಸಾಗುವಾನಿ. ಇದರ ಹೊಟ್ಟೆಯಲ್ಲೇ ಎಣ್ಣೆ ಇದೆ, ಹೊರಗಿನದ್ದನ್ನ ಬೇಗ ಒಪ್ಪೋದಿಲ್ಲ.' ಇದನ್ನು ಕೇಳಿದ ಮೇಲೆ ನನಗೆ ಈ ಊರಿನ ಇತಿಹಾಸ ಬೇರೆ ಥರ ಕಾಣತೊಡಗಿತು. ಯಾಕೆ ಅಂತ ಹೇಳ್ತೀನಿ.

ಫೋರ್ಟ್ ಕಡೆ ಲಯನ್ ಗೇಟ್ ಮುಂದೆ ಎಷ್ಟು ಸಲ ಓಡಾಡಿದ್ದೇವೆ! ಒಳಗಿರುವುದು ನೌಕಾಪಡೆಯ ಡಾಕ್‌ಯಾರ್ಡ್, ನಮ್ಮಂಥವರಿಗೆ ಪ್ರವೇಶ ಇಲ್ಲ. 1736ರಲ್ಲಿ ಸೂರತ್ತಿನಿಂದ ಲವ್ಜಿ ನಸರ್‌ವಾನ್ಜಿ ವಾಡಿಯಾ ಎಂಬ ಪಾರ್ಸಿ ಬಡಗಿಯನ್ನು ಈಸ್ಟ್ ಇಂಡಿಯಾ ಕಂಪನಿಯವರು ಇಲ್ಲಿಗೆ ಕರೆತಂದರು. 1750ರಲ್ಲಿ ಇಲ್ಲಿನ ಮೊದಲ ಡ್ರೈ ಡಾಕ್ ಆಯಿತು. ಆಮೇಲೆ ಆ ವಂಶದ ತಲೆಮಾರುಗಳು ಒಂದರ ಹಿಂದೆ ಒಂದು ಹಡಗು ಕಟ್ಟಿದವು. 1813ರಲ್ಲಿ ನೀರಿಗಿಳಿದ 'ಕಾರ್ನ್‌ವಾಲಿಸ್' ಹಡಗಿನ ಮೇಲೆಯೇ 1842ರಲ್ಲಿ ಚೀನಾದ ಜೊತೆ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು. ಜಮ್ಷೆಟ್ಜಿ ಬೊಮನ್ಜಿ ವಾಡಿಯಾ ಕಟ್ಟಿದ 'ಟ್ರಿಂಕೋಮಲೀ' 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು, ಖರ್ಚು 23,000 ಪೌಂಡ್. ಅದರ ನಕ್ಷೆ ಮೊದಲ ಸಲ ಇಂಗ್ಲೆಂಡಿನಿಂದ ಹೊರಟಾಗ, ಅದನ್ನು ತರುತ್ತಿದ್ದ 'ಜಾವಾ' ಎಂಬ ಹಡಗನ್ನು 1812ರಲ್ಲಿ ಅಮೆರಿಕದವರು ದಾರಿಯಲ್ಲೇ ನಾಶ ಮಾಡಿದ್ದರು, ಇನ್ನೊಂದು ಪ್ರತಿ ಕಳಿಸಬೇಕಾಯಿತು. ಇಷ್ಟೆಲ್ಲ ಆಗಿ ಮುಂಬೈಯ ಆ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲೆ ತೇಲುತ್ತಿದೆ. ಇನ್ನೂರು ವರ್ಷ ದಾಟಿದೆ, ನೋಡಿ!

ಅಷ್ಟು ದೂರದ ಬ್ರಿಟಿಷ್ ನೌಕಾಪಡೆಗೆ ಮುಂಬೈಯೇ ಯಾಕೆ ಬೇಕಾಯಿತು? ಅವರಲ್ಲಿ ಓಕ್ ಮರಕ್ಕೆ ಕೊರತೆ ಬಂದಿತ್ತು. ಅಲ್ಲದೆ ಓಕ್‌ನಲ್ಲಿರುವ ಒಗರು ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತೆ. ಸಾಗುವಾನಿಯಲ್ಲಿ ಹಾಗಲ್ಲ. ಅದರೊಳಗಿನ ಎಣ್ಣೆ ಗೆದ್ದಲನ್ನೂ ಕೊಳೆಯನ್ನೂ ದೂರ ಇಡುತ್ತೆ, ಕಬ್ಬಿಣವನ್ನೂ ಕೆಡಿಸುವುದಿಲ್ಲ. ಯಾವ ಗುಣಕ್ಕಾಗಿ ಬ್ರಿಟಿಷರು ಅರ್ಧ ಭೂಮಿ ಸುತ್ತಿ ಬಂದು ಇಲ್ಲಿ ಹಡಗು ಕಟ್ಟಿಸಿಕೊಂಡರೋ, ಅದೇ ಗುಣ ನನ್ನ ಅಗಸೆ ಎಣ್ಣೆಯನ್ನು ಒಣಗಲು ಬಿಡಲಿಲ್ಲ. ಸಾಗುವಾನಿಯ ಒಳಗಿನ ಆ ವಸ್ತುಗಳು ಆಮ್ಲಜನಕದ ಕೆಲಸಕ್ಕೆ ಅಡ್ಡಗಾಲು ಹಾಕುತ್ತವೆ. ಬೀಟೆ ಮರವೂ ಹಾಗೆಯೇ.

ಈ ಮರ ಬರುತ್ತಿದ್ದದ್ದು ಎಲ್ಲಿಂದ? ಮಲಬಾರಿನಿಂದ, ಗುಜರಾತಿನ ಕಾಡುಗಳಿಂದ, ಮತ್ತೆ ನಮ್ಮ ಕೆನರಾದಿಂದ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪನಿಯ ಕೈಗೆ ಹೋಯಿತು, ಅದರ ಕಾಡೂ ಹೋಯಿತು. 1806ರಲ್ಲಿ ಕ್ಯಾಪ್ಟನ್ ವ್ಯಾಟ್ಸನ್ ಎಂಬವನನ್ನು ಕಾಡಿನ ಮೇಲ್ವಿಚಾರಕನಾಗಿ ನೇಮಿಸಿದ್ದೇ ಹಡಗಿಗೆ ಸಾಗುವಾನಿ ಒದಗಿಸಲಿಕ್ಕೆ. ರೈತ ತನ್ನ ಹಿತ್ತಲಿನ ಸಾಗುವಾನಿಯನ್ನೂ ಕಡಿಯುವ ಹಾಗಿಲ್ಲ ಅಂತಾಯಿತು. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿ 1956ರವರೆಗೂ ಇದೇ ಆಡಳಿತದಲ್ಲಿತ್ತು. ಹಾಗಾಗಿ ಕುಮಟಾದವನಾದ ನಾನು ವಲಸೆ ಬಂದವನು ಅಂತ ಯಾರಾದರೂ ಅಂದರೆ, ನಮ್ಮೂರ ಮರ ನನಗಿಂತ ನೂರೈವತ್ತು ವರ್ಷ ಮುಂಚೆ ಬಂದಿದೆ ಅಂತ ತಮಾಷೆ ಮಾಡುತ್ತೇನೆ. ಕೆಲವರು ನಗುತ್ತಾರೆ, ಕೆಲವರು ನಗುವುದಿಲ್ಲ.

ಆಮೇಲೆ ಬರ್ಮಾ ಮರದ ಕಾಲ. 1863ರಲ್ಲಿ ಇಲ್ಲೇ 'ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಶನ್' ಶುರುವಾಯಿತು. ವಾಲೇಸ್ ಸಹೋದರರದ್ದು. ಅವರ ಸಾಗುವಾನಿ ಜಗಳ 1885ರ ಬರ್ಮಾ ಯುದ್ಧಕ್ಕೇ ಒಂದು ನೆಪವಾಯಿತು. ಅದೇ ಕಂಪನಿ ಈಗ ಅದೇ ವಾಡಿಯಾ ಮನೆತನದ ಕೈಯಲ್ಲಿದೆ. ಗಿರಗಾಂವ್, ದಾದರ್, ಪರೇಲ್‌ನ ಹಳೇ ಕಟ್ಟಡಗಳ ಮೆಟ್ಟಿಲು, ಗ್ಯಾಲರಿ, ತೊಲೆಗಳಲ್ಲಿ ಬರ್ಮಾ ಮರ ಬೇಕಾದಷ್ಟಿತ್ತು. ಈಗ ಒಂದೊಂದೇ ಕೆಡವುತ್ತಾ ಬಂದು, ಆ ಮರ ಓಶಿವಾರದಲ್ಲಿ ರಾಶಿ ಬೀಳುತ್ತಿದೆ. ನಮ್ಮ ಹುಡುಗ ತಂದದ್ದು ಬಹುಶಃ ಅದೇ.

ಇನ್ನು ಅಗಸೆಯ ಕಥೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಬಂತು, 1867ರಲ್ಲಿ ನಾಗಪುರ ಮುಟ್ಟಿತು, 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು. ಹತ್ತಿಯ ಜೊತೆಗೆ ವಿದರ್ಭ, ಮಧ್ಯಪ್ರಾಂತ್ಯದ ಅಗಸೆ ಬೀಜ ಮೂಟೆ ಮೂಟೆ ಮುಂಬೈಗೆ ಬಂದು ಹಡಗೇರಿತು. ಅಲ್ಲಿ ಅದರಿಂದ ಪೇಂಟು, ವಾರ್ನಿಶು, ಮೇಣಗಪ್ಪಡ. ಫ್ರೆಡರಿಕ್ ವಾಲ್ಟನ್ ಎಂಬ ಇಂಗ್ಲಿಷಿನವನು ಪೇಂಟ್ ಡಬ್ಬಿಯ ಮೇಲೆ ಕಟ್ಟಿದ ಕೆನೆಯನ್ನು ನೋಡಿ, ಗಾಳಿಗೆ ಹಣ್ಣಾದ ಅಗಸೆ ಎಣ್ಣೆಯಿಂದ ನೆಲಹಾಸು ಮಾಡಬಹುದಲ್ಲ ಅಂತ 1860ರ ದಶಕದಲ್ಲಿ 'ಲಿನೋಲಿಯಂ' ತಯಾರಿಸಿದ. ನಾವು ಚಿಕ್ಕವರಿದ್ದಾಗ ಪೇಂಟ್ ಡಬ್ಬಿಯ ಆ ಕೆನೆಯನ್ನು ಕಡ್ಡಿಯಲ್ಲಿ ಚುಚ್ಚಿ ಬೈಸಿಕೊಳ್ಳುತ್ತಿದ್ದೆವು, ಅಷ್ಟೇ. ಬೀಜ ಇಲ್ಲಿಂದ ಹೋಗಿ, ಕುದಿಸಿದ ಎಣ್ಣೆ ಮತ್ತು ಪೇಂಟ್ ಡಬ್ಬಿಗಳಾಗಿ ಇಲ್ಲಿಗೇ ವಾಪಸ್ ಬರುತ್ತಿತ್ತು. ಹತ್ತಿಯದ್ದೂ ಇದೇ ಕಥೆ ಅಲ್ವಾ? ಎರಡನೇ ಮಹಾಯುದ್ಧದಲ್ಲಿ ಪೇಂಟ್ ಆಮದು ನಿಂತಾಗ, 1942ರಲ್ಲಿ, ಗಿರಗಾಂವ್‌ನ ಗಾಯ್‌ವಾಡಿಯ ಒಂದು ಗ್ಯಾರೇಜಿನಲ್ಲಿ ನಾಲ್ಕು ಜನ ಸ್ನೇಹಿತರು ಬಣ್ಣ ಕಲಸಲು ಕೂತರು. ಅದೇ ಮುಂದೆ 'ಏಷ್ಯನ್ ಪೇಂಟ್ಸ್'. 1954ರಲ್ಲಿ ಅವರಿಗೆ 'ಗಟ್ಟೂ' ಎಂಬ ತುಂಟ ಹುಡುಗನ ಚಿತ್ರ ಬರೆದುಕೊಟ್ಟವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್. ಬ್ರಶ್ ಹಿಡಿದ ಆ ಗಟ್ಟೂ ನಮ್ಮ ಚಾಳಿನ ಎದುರಿನ ಅಂಗಡಿಯ ಗೋಡೆಯ ಮೇಲೂ ಇದ್ದ.

ಸರಿ, ಹಲಗೆಗೆ ಬರೋಣ. ಮಿಸ್ತ್ರಿ ಒಡೆದ ಗಾಜಿನ ಚೂರಿನಿಂದ ಆ ಅಂಟನ್ನೆಲ್ಲ ಕೆರೆದ, ಟರ್ಪೆಂಟೈನಿನಿಂದ ಒರೆಸಿದ. ಅಪ್ಪನ ಕೈ ಊರಿದ ಜಾಗವನ್ನು ಮಾತ್ರ ಗಾಜು ತಾಗಿಸದೆ ಬರೀ ಬಟ್ಟೆಯಿಂದ ಉಜ್ಜು ಅಂತ ಕೇಳಿಕೊಂಡೆ. ಅವನು ಯಾಕೆ ಅಂತ ಕೇಳಲಿಲ್ಲ. ಎಣ್ಣೆ ಹಚ್ಚೋದು ಅಕ್ಟೋಬರಿನಲ್ಲಿ ಅಂದ. ಮಳೆ ನಿಂತು, ಬಿಸಿಲು ಚುರುಗುಟ್ಟುವ ಕಾಲ. ದೀಪಾವಳಿಗೆ ಮುಂಚೆ ಮುಂಬೈಯವರು ಮನೆಗೆ ಬಣ್ಣ ಹೊಡೆಸುವುದೂ ಆಗಲೇ.

ಅವನು ಮಾಡಿ ತೋರಿಸಿದ್ದನ್ನೇ ಈ ಹುಡುಗನಿಗೂ ಹೇಳಿದೆ. ಮೊದಲು ಪಾಲಿಶ್ ಪೇಪರಿನಿಂದ ಮರದ ನರ ಹೋದ ದಿಕ್ಕಿನಲ್ಲೇ ಉಜ್ಜಬೇಕು, 120ರಿಂದ ಶುರು ಮಾಡಿ 220ಕ್ಕೆ ನಿಲ್ಲಿಸು. ಧೂಳು ತೆಗೆ. ಸಾಗುವಾನಿಯಾದ್ದರಿಂದ ಟರ್ಪೆಂಟೈನ್ ಬಟ್ಟೆಯಿಂದ ಚೆನ್ನಾಗಿ ಒರೆಸು, ಅದು ಆರಿದ ತಕ್ಷಣ, ಒಳಗಿನ ಎಣ್ಣೆ ಮತ್ತೆ ಮೇಲೆ ಬರುವ ಮುಂಚೆ, ಮೊದಲ ಕೈ ಹಚ್ಚು. ಎಣ್ಣೆ ಕೊಳ್ಳುವಾಗ ಹಸಿ ಎಣ್ಣೆಯೋ ಕುದಿಸಿದ್ದೋ ನೋಡಿ ತಗೋ. ಹಸಿಯದ್ದು ಒಣಗಲು ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಬೇಕು. 'ಡಬಲ್ ಬಾಯಿಲ್ಡ್' ಅಂತ ಬರುವುದು ಒಂದೆರಡು ದಿನದಲ್ಲಿ ಆಗುತ್ತೆ. ಬಣ್ಣದವರು ಅದನ್ನು 'ಬೆಲ್ ತೇಲ್' ಅನ್ನುತ್ತಾರೆ. 'ಬಾಯಿಲ್ಡ್' ಶಬ್ದವೇ ಬಾಯಿಂದ ಬಾಯಿಗೆ ಸವೆದು ಹಾಗಾಗಿದೆ ಅಂತ ನನ್ನ ಊಹೆ. ಅದರಲ್ಲಿ ಬೇಗ ಒಣಗಲಿ ಅಂತ ಲೋಹದ ಲವಣ ಸೇರಿಸಿರುತ್ತಾರೆ, ಹಿಂದೆ ಸೀಸವನ್ನೂ ಹಾಕುತ್ತಿದ್ದರು. ಹಾಗಾಗಿ ಚಪಾತಿ ಮಣೆ, ತರಕಾರಿ ಹೆಚ್ಚುವ ಹಲಗೆಗೆ ಅದು ಬೇಡವೇ ಬೇಡ.

ಮೊದಲ ಕೈಗೆ ಅರ್ಧ ಎಣ್ಣೆ, ಅರ್ಧ ಟರ್ಪೆಂಟೈನ್. ಹಚ್ಚಿ ಹದಿನೈದು-ಇಪ್ಪತ್ತು ನಿಮಿಷ ಬಿಡು. ಆಮೇಲೆ, ಇದೇ ಮುಖ್ಯ, ಮೇಲೆ ಉಳಿದದ್ದನ್ನೆಲ್ಲ ಒಣ ಬಟ್ಟೆಯಿಂದ ಒರೆಸಿಬಿಡು. 'ಹಚ್ಚಿದ್ದಕ್ಕಿಂತ ಒರೆಸೋದೇ ಜಾಸ್ತಿ ಆಗ್ತಿದೆಯಲ್ಲ ಮಾಮಾ' ಅಂದ ಹುಡುಗ. ಹೌದಪ್ಪಾ, ಮರ ಕುಡಿದದ್ದು ಮಾತ್ರ ಮರದ್ದು, ಮೇಲೆ ನಿಂತದ್ದು ಅಂಟು. ಎರಡು ದಿನ ಬಿಟ್ಟು, ಕೈಗೆ ತಾಗದ ಹಾಗಾದ ಮೇಲೆ ಎರಡನೇ ಕೈ. ಹೀಗೆ ಮೂರೋ ನಾಲ್ಕೋ. ಪೂರ್ತಿ ಗಟ್ಟಿಯಾಗಲು ಒಂದು ತಿಂಗಳು, ಅಲ್ಲಿವರೆಗೆ ಬಿಸಿ ಪಾತ್ರೆ, ಒದ್ದೆ ಲೋಟ ಇಡಬಾರದು. ಕ್ರಿಕೆಟ್ ಬ್ಯಾಟಿಗೆ ಎಣ್ಣೆ ಕುಡಿಸಿದವರಿಗೆ ಇದೆಲ್ಲ ಗೊತ್ತು. ಧೋಬಿ ತಲಾವಿನ ಅಂಗಡಿಯವರು ಹೊಸ ಬ್ಯಾಟ್ ಜೊತೆ ಸಣ್ಣ ಶೀಶೆ ಕೊಟ್ಟು, 'ಸ್ವಲ್ಪವೇ ಹಚ್ಚು, ಮಲಗಿಸಿ ಇಡು' ಅನ್ನುತ್ತಿದ್ದರು. ನನ್ನ ಮಗನಿಗೆ ಅದು ಬಾಯಿಪಾಠ ಇತ್ತು.

ಈಗ ಬರೆಯಲು ಸ್ವಲ್ಪ ನಾಚಿಕೆಯಾಗುವ ಭಾಗ. ಅಕ್ಟೋಬರಿನಲ್ಲಿ ಮಿಸ್ತ್ರಿ ಮೊದಲ ಕೈ ಹಚ್ಚಿ ಹೋದ. ಹೋಗುವಾಗ 'ಚಿಂದಿ ಸಂಭಾಲ್‌ಕೇ' ಅಂದಿದ್ದ. ಚಿಂದಿ ಬಟ್ಟೆ ಚೆಲ್ಲಾಪಿಲ್ಲಿ ಮಾಡಬೇಡಿ ಅಂತ ಹೇಳಿದ ಅಂದುಕೊಂಡು, ಎಣ್ಣೆ ಒರೆಸಿದ ಬಟ್ಟೆಗಳನ್ನೆಲ್ಲ ನೀಟಾಗಿ ಉಂಡೆ ಮಾಡಿ, ಒಂದು ರಟ್ಟಿನ ಪೆಟ್ಟಿಗೆಗೆ ತುರುಕಿ, ಗ್ಯಾಲರಿಯ ಮರದ ಮೆಟ್ಟಿಲ ಕೆಳಗೆ ರದ್ದಿ ಪೇಪರಿನ ಪಕ್ಕ ಇಟ್ಟೆ. ರಾತ್ರಿ ಒಂಬತ್ತೂವರೆಗೆ ಹೆಂಡತಿ, 'ಏನೋ ಸುಟ್ಟ ವಾಸನೆ ಬರ್ತಿದೆ ಕಣ್ರೀ' ಅಂದಳು. ಗ್ಯಾಸ್ ನೋಡಿದೆವು, ಇಲ್ಲ. ಹೊರಗೆ ಬಂದರೆ ಪೆಟ್ಟಿಗೆಯಿಂದ ಸಣ್ಣಗೆ ಹೊಗೆ. ಬೆಂಕಿಕಡ್ಡಿ ಇಲ್ಲ, ಬೀಡಿ ಇಲ್ಲ, ವಯರ್ ಇಲ್ಲ! ಕೈ ಹಾಕಿದರೆ ಒಳಗೆ ಕೆಂಡದ ಹಾಗೆ ಬಿಸಿ. ಮೋರಿಯ ಬಕೆಟ್ ತಂದು ಸುರಿದೆ. ನಾಲ್ಕು ಮಹಡಿ, ಮಹಡಿಗೆ ಹತ್ತು ಖೋಲಿ, ಇಳಿಯಲು ಅದೊಂದೇ ಮೆಟ್ಟಿಲು, ಅದೂ ಮರದ್ದು. ಮೇಲಿನ ಖೋಲಿಯಲ್ಲಿ ಬಾಣಂತಿ ಇದ್ದಳು. ಆ ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ.

ಎಣ್ಣೆ 'ಹಣ್ಣಾಗುವಾಗ' ಬಿಸಿ ಹುಟ್ಟುತ್ತೆ. ಹಲಗೆಯ ಮೇಲೆ ತೆಳ್ಳಗಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತೆ, ಗೊತ್ತೇ ಆಗುವುದಿಲ್ಲ. ಉಂಡೆ ಮಾಡಿದ ಬಟ್ಟೆಯಲ್ಲಿ ಹೋಗಲು ದಾರಿ ಇಲ್ಲದೆ ಏರುತ್ತಾ ಏರುತ್ತಾ ತಾನಾಗಿಯೇ ಹೊತ್ತಿಕೊಳ್ಳುತ್ತೆ. ಇದು ಚಾಳಿನ ಮಾತಷ್ಟೇ ಅಲ್ಲ. 1991ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಮಹಡಿಯ 'ಒನ್ ಮೆರಿಡಿಯನ್ ಪ್ಲಾಜಾ' ಹೊತ್ತಿ ಉರಿದು, ಅಗ್ನಿಶಾಮಕ ದಳದ ಮೂವರು ಸತ್ತರು. ಕಾರಣ, ಮರಗೆಲಸದವರು ಬಿಟ್ಟುಹೋದ ಅಗಸೆ ಎಣ್ಣೆಯ ಚಿಂದಿ. ಆ ಸುದ್ದಿ ಓದಿದ ದಿನ ಪೇಪರನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ಓದಿ ಏನೂ ಮಾತಾಡದೆ ಮಡಿಸಿಟ್ಟಳು. ಹಾಗಾಗಿ ಎಣ್ಣೆ ಒರೆಸಿದ ಬಟ್ಟೆಯನ್ನು ಒಂದೊಂದಾಗಿ ಬಿಡಿಸಿ ಹೊರಗೆ ಹರವಬೇಕು, ಇಲ್ಲವೇ ಪೂರ್ತಿ ನೀರಲ್ಲಿ ಮುಳುಗಿಸಿಡಬೇಕು. ಹೊಸಬರಿಗೆ ಇದನ್ನು ಮೊದಲೇ ಹೇಳಬೇಕಿತ್ತು, ನಾನು ಕೊನೆಗೆ ಹೇಳುತ್ತಿದ್ದೇನೆ.

ಆ ಹಲಗೆ ಈಗ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ತೂಗುತ್ತಿದೆ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಒಂದು ತೆಳು ಕೈ. ಚಾಳು 2009ರಲ್ಲಿ ಕೆಡವಿದರು. ಮೆಟ್ಟಿಲಿನ ಮರ ಎಲ್ಲಿ ಹೋಯಿತೋ. ಹುಡುಗನ ಹಲಗೆಯನ್ನು ನಾನು ತಿರುಗಿಸಿ ತಿರುಗಿಸಿ ನೋಡಿದೆ, ನಮ್ಮ ಚಾಳಿನದ್ದು ಅಂತ ಗುರುತು ಹಿಡಿಯುವಂಥದ್ದು ಏನೂ ಇರಲಿಲ್ಲ. ಒಂದು ಕಡೆ ಚಿಲಕ ಕೂತಿದ್ದ ಗುಳಿ, ಹಳೇ ಹಸಿರು ಪೇಂಟಿನ ಒಂದು ಗೀಟು, ಅಷ್ಟೇ. ಆ ಗೀಟನ್ನು ಉಜ್ಜಬೇಡ ಅಂತ ಹೇಳಬೇಕು ಅನ್ನಿಸಿತು, ಹಳೇ ಪೇಂಟಿನಲ್ಲಿ ಸೀಸ ಇರುತ್ತೆ ಅಂತ ನೆನಪಾಗಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನೀರು ಹಾಕಿ ಉಜ್ಜು ಅಂದೆ.

ನಿನ್ನೆ ಸಂಜೆ ಅವನು ಎರಡನೇ ಕೈ ಹಚ್ಚಿದ. ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ, ಚಿಂದಿ ಎಲ್ಲಿಟ್ಟಿದ್ದೀಯಾ ಅಂತ ಕೇಳಿದೆ.

'ಬಾಲ್ಕನೀಲಿ, ಬಕೆಟ್ ನೀರಲ್ಲಿ ಇದೆ ಮಾಮಾ. ನೀವು ಮಲಗಿ' ಅಂದ.